ಬೈಲಕುಪ್ಪೆಯ ಟಿಬೆಟನ್ ವಸತಿ: ನಿರಾಶ್ರಿತರ ಪುನರ್ವಸತಿಯಲ್ಲಿ ಸಂಸ್ಥೆಗಳ ಸಹಕಾರ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವುದಕ್ಕೆ ಮುನ್ನ ಬೈಲಕುಪ್ಪೆ ಎಂಬ ಊರು ಸಿಗುತ್ತದೆ. ಇದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. ಹೆದ್ದಾರಿಯಿಂದ ಒಳದಾರಿಗೆ ತಿರುಗಿದರೆ ಮುಸುಕಿನ ಜೋಳದ ಹೊಲಗಳು, ಹೊಲಗಳ ನಡುವೆ ಮನೆಗಳ ಸಾಲು, ಮನೆಗಳ ಮುಂದೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಕಾಣುತ್ತವೆ. ನಮ್ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರವನ್ನು ನೋಡಲು ನಾಡಿನ ಮೂಲೆಮೂಲೆಗಳಿಂದ ಪ್ರವಾಸಿಗಳು ಬರುತ್ತಾರೆ. ಮಂದಿರವನ್ನು ನೋಡಿ, ಮಧ್ಯಾಹ್ನದ ಹೊತ್ತಿಗೆ ಹಿಂದಿರುಗುತ್ತಾರೆ. ಆ ಹೊಲಗಳ ಕಡೆಗೆ ದೃಷ್ಟಿ ಹರಿಸುವವರು ವಿರಳ. ಆದರೆ ಅಧ್ಯಯನದ ದೃಷ್ಟಿಯಿಂದ ನೋಡುವವರಿಗೆ ಮಂದಿರಕ್ಕಿಂತ ಹೊಲವೇ ಹೆಚ್ಚು ವಿಷಯಗಳನ್ನು ತಿಳಿಸಬಲ್ಲದು. ಅರವತ್ತು ವರ್ಷಗಳಿಗೂ ಹಿಂದೆ ದಟ್ಟವಾದ ಕಾಡಾಗಿದ್ದ ಈ ನೆಲವನ್ನು, ಕೃಷಿಯ ರೀತಿಯೂ ಹವಾಮಾನವೂ ಭಾಷೆಯೂ ಸಂಪೂರ್ಣವಾಗಿ ಬೇರೆಯಾಗಿದ್ದ ನಾಡಿನಿಂದ ಬಂದ ಜನ ಬದುಕಿನ ನೆಲೆಯನ್ನಾಗಿ ಮಾಡಿಕೊಂಡದ್ದು ಹೇಗೆ ಎಂಬುದು ಈ ಲೇಖನದ ವಿಷಯ.

ಮೊದಲಿಗೆ ಕೆಲವು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಆಶ್ರಯ, ಪರಿಹಾರ, ಪುನರ್ವಸತಿ ಎಂಬ ಮಾತುಗಳನ್ನು ನಾವು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಗಡಿ ದಾಟಿ ಬಂದವರನ್ನು ಹಿಂದಕ್ಕೆ ಅಟ್ಟದೆ ಒಳಗೆ ಬಿಟ್ಟುಕೊಳ್ಳುವುದು ಆಶ್ರಯ. ಅವರಿಗೆ ಅನ್ನ, ಬಟ್ಟೆ, ಔಷಧಿ, ತಾತ್ಕಾಲಿಕ ಸೂರು ಒದಗಿಸುವುದು ಪರಿಹಾರ. ತಮ್ಮ ದುಡಿಮೆಯಿಂದಲೇ ಬದುಕುವ ಸ್ಥಿತಿಗೆ ಅವರನ್ನು ತರುವುದು ಪುನರ್ವಸತಿ. ಇವುಗಳನ್ನೂ ಮೀರಿದ ನಾಲ್ಕನೆಯ ಘಟ್ಟವೊಂದಿದೆ: ಬಂದವರು ಮತ್ತು ಮೊದಲಿನಿಂದ ಇದ್ದವರು ಪರಸ್ಪರ ಅವಲಂಬಿಸಿ, ಒಬ್ಬರನ್ನೊಬ್ಬರು ಸಹಿಸಿಕೊಂಡು ಮಾತ್ರವಲ್ಲ, ಒಬ್ಬರಿಂದೊಬ್ಬರು ಪ್ರಯೋಜನ ಪಡೆದು ಬಾಳುವ ಸ್ಥಿತಿ. ಇದನ್ನು ಸಾಮಾಜಿಕ ಸಮನ್ವಯ ಎನ್ನಬಹುದು. ಆಶ್ರಯವನ್ನು ಒಂದು ಸರ್ಕಾರ ಒಂದೇ ಆಜ್ಞೆಯಿಂದ ನೀಡಬಲ್ಲದು. ಪರಿಹಾರವನ್ನು ಒಂದೆರಡು ಸಂಸ್ಥೆಗಳು ನಿರ್ವಹಿಸಬಲ್ಲವು. ಸಮನ್ವಯವನ್ನು ಮಾತ್ರ ಯಾವ ಒಂದು ಸಂಸ್ಥೆಯೂ ಏಕಾಂಗಿಯಾಗಿ ಸಾಧಿಸಲಾರದು. ಅದಕ್ಕೆ ಭೂಮಿ ಕೊಡುವವರು, ಹಣ ಕೊಡುವವರು, ಕೃಷಿ ಕಲಿಸುವವರು, ಶಾಲೆ ನಡೆಸುವವರು, ಕೊನೆಗೆ ಜಗಳ ಬಗೆಹರಿಸುವವರು ಎಲ್ಲರೂ ಬೇಕು.

ಅಸ್ಸಾಮಿನ ಶಿಬಿರದಿಂದ ಕಾವೇರಿಯ ತೀರಕ್ಕೆ

1959ರ ಮಾರ್ಚ್ ತಿಂಗಳಿನಲ್ಲಿ ಲಾಸಾ ನಗರದಲ್ಲಿ ನಡೆದ ದಂಗೆಯ ನಂತರ ದಲಾಯಿ ಲಾಮಾ ಅವರು ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆಯೇ ಹಿಮಾಲಯದ ಕಣಿವೆಗಳನ್ನು ದಾಟಿ ಬಂದ ಟಿಬೆಟನ್ನರ ಸಂಖ್ಯೆ ಸುಮಾರು 80,000 ಎಂದು ಅಂದಾಜು ಮಾಡಲಾಗಿದೆ. ಅವರಿಗಾಗಿ ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಹಾಗೂ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಶಿಬಿರಗಳನ್ನು ತೆರೆಯಲಾಯಿತು. ಪ್ರಸ್ಥಭೂಮಿಯ ತಂಪಾದ ಒಣಹವೆಗೆ ಹೊಂದಿಕೊಂಡಿದ್ದ ದೇಹಗಳಿಗೆ ಅಸ್ಸಾಮಿನ ಸೆಖೆ ಸಹಿಸದಾಯಿತು. ಕ್ಷಯವೂ ಹೊಟ್ಟೆಯ ರೋಗಗಳೂ ಹರಡಿದವು. ಅನೇಕರನ್ನು ಉತ್ತರ ಭಾರತದ ಬೆಟ್ಟ ಪ್ರದೇಶಗಳಲ್ಲಿ ರಸ್ತೆ ನಿರ್ಮಾಣದ ಕೆಲಸಕ್ಕೆ ಕಳುಹಿಸಲಾಯಿತು. ಅಲ್ಲಿ ಹವೆಯೇನೋ ಒಗ್ಗಿತು. ಆದರೆ ರಸ್ತೆ ಮುಂದೆ ಸಾಗಿದಂತೆ ಗುಡಾರಗಳೂ ಸಾಗಬೇಕಾಗಿದ್ದರಿಂದ ಮಕ್ಕಳಿಗೆ ಶಾಲೆಯಿಲ್ಲ, ವೃದ್ಧರಿಗೆ ನೆಲೆಯಿಲ್ಲ ಎಂಬ ಪರಿಸ್ಥಿತಿ ಉಂಟಾಯಿತು.

ಈ ಹಿನ್ನೆಲೆಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ನಿರಾಶ್ರಿತರಿಗೆ ಭೂಮಿ ನೀಡಬಹುದೇ ಎಂದು ರಾಜ್ಯ ಸರ್ಕಾರಗಳನ್ನು ಕೇಳಿಕೊಂಡರು. ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವು ಅಗ್ರಗಣ್ಯವಾದುದು. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಸುಮಾರು 3,000 ಜನರಿಗಾಗಿ ಬಿಟ್ಟುಕೊಡಲಾಯಿತು. 1960ರ ಕೊನೆಯಿಂದ ತಂಡತಂಡವಾಗಿ ಜನ ಬರತೊಡಗಿದರು. ಲುಗ್ಸುಂಗ್ ಸಾಮ್ಡುಪ್ಲಿಂಗ್ ಎಂಬ ಹೆಸರಿನ ಈ ನೆಲೆ ಭಾರತದಲ್ಲಿ ಕೃಷಿಯನ್ನು ಆಧರಿಸಿ ಸ್ಥಾಪನೆಯಾದ ಮೊದಲ ಟಿಬೆಟನ್ ವಸತಿ ಎನಿಸಿದೆ. ಮುಂದೆ 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ವಸತಿಯಾಗಿ, 1970ರ ದಶಕದ ಮೊದಲ ವರ್ಷಗಳಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ಹೊಸ ನೆಲೆಗಳು ಹುಟ್ಟಿದವು. ಹೀಗೆ ದೇಶದಲ್ಲಿ ಟಿಬೆಟನ್ನರಿಗೆ ಅತಿ ಹೆಚ್ಚು ಭೂಮಿ ನೀಡಿದ ರಾಜ್ಯ ಎಂಬ ಖ್ಯಾತಿ ಕರ್ನಾಟಕಕ್ಕೆ ಸಂದಿದೆ. ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರನ್ನು ದಲಾಯಿ ಲಾಮಾ ಅವರು ಹಲವು ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಮೊದಲ ವರ್ಷಗಳ ಕಷ್ಟವನ್ನು ಇಂದು ಊಹಿಸುವುದು ಸುಲಭವಲ್ಲ. ಬಂದವರು ಬಿದಿರಿನ ಗುಡಿಸಲುಗಳಲ್ಲಿ ಉಳಿದುಕೊಂಡು ಮರಗಳನ್ನು ಕಡಿದು, ಬೇರುಗಳನ್ನು ಕಿತ್ತು, ಕೊಂಬೆಗಳನ್ನು ಸುಟ್ಟು ನೆಲವನ್ನು ಹಸನು ಮಾಡಬೇಕಾಯಿತು. ಬೇಸಗೆಯ ಬಿಸಿಲಿನ ಮೇಲೆ ಬೆಂಕಿಯ ಝಳ. ಬಿತ್ತಿದ ಪೈರನ್ನು ಆನೆಗಳೂ ಕಾಡುಹಂದಿಗಳೂ ತುಳಿದು ತಿಂದು ಹೋಗುತ್ತಿದ್ದವು. ಬಂದವರಲ್ಲಿ ಪಶುಪಾಲಕರು, ವ್ಯಾಪಾರಿಗಳು, ಸಂನ್ಯಾಸಿಗಳು ಬಹಳ ಮಂದಿ. ರೈತರಾಗಿದ್ದವರಿಗೂ ಗೊತ್ತಿದ್ದದ್ದು ಎತ್ತರದ ನಾಡಿನ ಬಾರ್ಲಿಯ ಬೇಸಾಯವೇ ಹೊರತು ಮುಂಗಾರಿನ ಹದವನ್ನು ನೋಡಿ ಬಿತ್ತುವ ಖುಷ್ಕಿ ಬೇಸಾಯವಲ್ಲ.

ಯಾರಿಗೆ ಯಾವ ಹೊಣೆ

ಇಂತಹ ಸಂದರ್ಭದಲ್ಲಿ ಕೈಜೋಡಿಸಿದ ಸಂಸ್ಥೆಗಳು ಅನೇಕ. ಅವುಗಳ ಸಂಖ್ಯೆ ದೊಡ್ಡದಾಗಿತ್ತು ಎಂಬುದಕ್ಕಿಂತ, ಪ್ರತಿಯೊಂದರ ಹೊಣೆ ಬೇರೆಬೇರೆಯಾಗಿತ್ತು ಎಂಬುದೇ ಇಲ್ಲಿ ಗಮನಾರ್ಹ. ಕೇಂದ್ರ ಸರ್ಕಾರವು ಧನಸಹಾಯವನ್ನೂ ಒಟ್ಟು ನೀತಿಯನ್ನೂ ನೋಡಿಕೊಂಡಿತು. ರಾಜ್ಯ ಸರ್ಕಾರವು ಭೂಮಿಯನ್ನು ಕೊಟ್ಟು, ಮನೆ, ರಸ್ತೆ, ಬಾವಿಗಳ ನಿರ್ಮಾಣದಲ್ಲಿ ತನ್ನ ಇಲಾಖೆಗಳನ್ನು ತೊಡಗಿಸಿತು. ದೇಶವಿದೇಶಗಳ ಸ್ವಯಂಸೇವಾ ಸಂಸ್ಥೆಗಳಿಂದ ಬರುತ್ತಿದ್ದ ನೆರವನ್ನು ಒಂದೆಡೆ ಸೇರಿಸಿ ಹಂಚುವುದಕ್ಕಾಗಿ ಆಚಾರ್ಯ ಜೆ. ಬಿ. ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಕೇಂದ್ರ ಪರಿಹಾರ ಸಮಿತಿಯು ಕಾರ್ಯನಿರ್ವಹಿಸಿತು. ಹತ್ತು ಕಡೆಯಿಂದ ಬಂದ ಕಂಬಳಿ, ಹಾಲಿನ ಪುಡಿ, ಔಷಧಿಗಳು ಒಂದೇ ಶಿಬಿರದಲ್ಲಿ ರಾಶಿ ಬಿದ್ದು ಮತ್ತೊಂದು ಶಿಬಿರ ಬರಿಗೈಯಲ್ಲಿ ಉಳಿಯುವ ಅನಾಹುತ ಇಂತಹ ಸಂದರ್ಭಗಳಲ್ಲಿ ಸಾಮಾನ್ಯ. ಒಂದು ಸಮಿತಿಯ ಮೂಲಕವೇ ನೆರವು ಹರಿಯಬೇಕೆಂಬ ಏರ್ಪಾಡು ಈ ಅನಾಹುತಕ್ಕೆ ತಡೆಯಾಗುತ್ತದೆ.

ಸ್ವಿಟ್ಜರ್ಲೆಂಡಿನ ನೆರವು ಸಂಸ್ಥೆಗಳು ಬೈಲಕುಪ್ಪೆಯಲ್ಲಿ ಕೃಷಿಯ ತಾಂತ್ರಿಕ ಸಹಾಯಕ್ಕೆ ಬಂದವು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು 1969ರಲ್ಲಿ ದೆಹಲಿಯಲ್ಲಿ ತನ್ನ ಶಾಖೆಯನ್ನು ತೆರೆದು ಟಿಬೆಟನ್ನರ ಪುನರ್ವಸತಿಗೆ ನೆರವಾಯಿತು. ಭಾರತವು 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಗೆ ಅಂದೂ ಸಹಿ ಹಾಕಿರಲಿಲ್ಲ, ಮುಂದೆಯೂ ಹಾಕಲಿಲ್ಲ. ಆದರೂ ಈ ಸಹಕಾರಕ್ಕೆ ಅದು ಅಡ್ಡಿಯಾಗಲಿಲ್ಲವೆಂಬುದು ಓದುಗರ ಗಮನಕ್ಕೆ ಬರಬೇಕಾದ ಸಂಗತಿ.

ಈ ಸಂಸ್ಥೆಗಳ ಸಾಲಿನಲ್ಲಿ ನಿರಾಶ್ರಿತರ ಸ್ವಂತ ಆಡಳಿತಕ್ಕೆ ದೊರೆತ ಸ್ಥಾನವು ವಿಶೇಷವಾದುದು. ವಸತಿಯ ಒಳ ವ್ಯವಹಾರಗಳನ್ನು ಧರ್ಮಶಾಲೆಯ ಟಿಬೆಟನ್ ಆಡಳಿತದ ಪ್ರತಿನಿಧಿಯಾದ ವಸತಿ ಅಧಿಕಾರಿಯ ಕೈಗೆ ಬಿಡಲಾಯಿತು. ಪ್ರತಿಯೊಂದು ‘ಕ್ಯಾಂಪಿ’ಗೂ ಜನರೇ ಆರಿಸಿದ ಮುಖಂಡನಿದ್ದನು. ಹೊಲದ ಗಡಿ, ನೀರಿನ ಸರದಿ, ಮನೆಯ ಹಂಚಿಕೆ ಇಂತಹ ವ್ಯಾಜ್ಯಗಳು ಬಹುತೇಕ ಅಲ್ಲಿಯೇ ತೀರ್ಮಾನವಾಗುತ್ತಿದ್ದವು. 1966-67ರಲ್ಲಿ ಬೈಲಕುಪ್ಪೆಯಲ್ಲಿ ಉಳಿದು ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ ಅವರು, ಈ ವಸತಿಯು ಯಶಸ್ವಿಯಾದುದಕ್ಕೆ ಭಾರತ ಸರ್ಕಾರವು ಒಳ ಆಡಳಿತದಲ್ಲಿ ಕೈಹಾಕದೆ ಉಳಿದುದೂ ಮುಖ್ಯ ಕಾರಣವೆಂದು ಗುರುತಿಸಿದ್ದಾರೆ. ನೆರವು ಕೊಡುವವರು ಎಲ್ಲವನ್ನೂ ತಾವೇ ನಿರ್ಧರಿಸಿದರೆ ಪಡೆಯುವವರು ಕೈಚಾಚುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಇಲ್ಲಿ ಹಾಗಾಗಲಿಲ್ಲ.

ಸಹಕಾರ ಸಂಘ ಮತ್ತು ಮುಸುಕಿನ ಜೋಳ

ದಿನನಿತ್ಯದ ಬದುಕಿನಲ್ಲಿ ಈ ಎಲ್ಲ ಏರ್ಪಾಡುಗಳು ಕೂಡುತ್ತಿದ್ದ ಸ್ಥಳವೆಂದರೆ ಸಹಕಾರ ಸಂಘ. ರಾಜ್ಯದ ಸಹಕಾರ ಕಾಯಿದೆಯ ಅಡಿಯಲ್ಲಿ ನೋಂದಾಯಿತವಾದ ಈ ಸಂಘದಲ್ಲಿ ವಸತಿಯ ಕುಟುಂಬಗಳೇ ಸದಸ್ಯರು. ಸಂಘದ ಬಳಿ ಟ್ರಾಕ್ಟರುಗಳಿದ್ದವು. ಅವುಗಳ ದುರಸ್ತಿಗೆ ಕಾರ್ಯಾಗಾರ, ಹಿಟ್ಟಿನ ಗಿರಣಿ, ದಿನಸಿ ಅಂಗಡಿ ಇದ್ದವು. ತಲೆಗೆ ಒಂದು ಎಕರೆಯಂತೆ ಹಂಚಿಕೆಯಾದ ಭೂಮಿಯಲ್ಲಿ ಪ್ರತಿ ಕುಟುಂಬವೂ ಎತ್ತು, ನೇಗಿಲು ಕೊಳ್ಳುವುದು ಅಸಾಧ್ಯವಾಗಿತ್ತು. ಸಂಘವೇ ಸರದಿಯಂತೆ ಟ್ರಾಕ್ಟರಿನಿಂದ ಉತ್ತು ಕೊಡುತ್ತಿತ್ತು. ಬೀಜ, ಗೊಬ್ಬರಗಳನ್ನು ಸಾಲವಾಗಿ ಕೊಟ್ಟು, ಸುಗ್ಗಿಯಲ್ಲಿ ಫಸಲಿನ ಬೆಲೆಯಿಂದ ವಸೂಲು ಮಾಡಿಕೊಳ್ಳುತ್ತಿತ್ತು. ಫಸಲನ್ನು ಒಟ್ಟಾಗಿ ಮಾರುತ್ತಿದ್ದುದರಿಂದ ಒಬ್ಬೊಬ್ಬ ರೈತನೂ ದಲ್ಲಾಳಿಯ ಮುಂದೆ ನಿಲ್ಲುವ ಪ್ರಮೇಯ ಬರಲಿಲ್ಲ.

ಯಾವ ಬೆಳೆ ಎಂಬುದೂ ಒಂದು ಪರೀಕ್ಷೆಯಾಗಿತ್ತು. ಮೊದಮೊದಲು ಬೇರೆಬೇರೆ ಬೆಳೆಗಳನ್ನು ಪ್ರಯತ್ನಿಸಲಾಯಿತು. ಕೊನೆಗೆ ಈ ಮಣ್ಣಿಗೂ ಮಳೆಗೂ ಹೊಂದಿಕೊಂಡದ್ದು ಮುಸುಕಿನ ಜೋಳ. ಮಳೆಯನ್ನು ನಂಬಿದ ಭೂಮಿಯಲ್ಲಿ ಸುಧಾರಿತ ತಳಿಯ ಜೋಳವು ಅಲ್ಪಾವಧಿಯಲ್ಲಿ ನಿಶ್ಚಿತವಾದ ಹಣ ತರುತ್ತಿತ್ತು. ಟಿಬೆಟನ್ನರ ಊಟದಲ್ಲಿ ಈ ಜೋಳಕ್ಕೆ ದೊಡ್ಡ ಸ್ಥಾನವಿರಲಿಲ್ಲ. ಆದ್ದರಿಂದ ಇದು ಪೂರ್ಣವಾಗಿ ಮಾರುಕಟ್ಟೆಯ ಬೆಳೆ. ತಿನ್ನುವುದಕ್ಕಲ್ಲದೆ ಮಾರುವುದಕ್ಕೇ ಬೆಳೆಯುವ ರೈತನಿಗೆ ಬೆಲೆ, ಸಾಗಾಣಿಕೆ, ಸಾಲ ಎಲ್ಲವೂ ಮುಖ್ಯವಾಗುತ್ತವೆ. ಸಂಘವಿಲ್ಲದೆ ಅದು ನಡೆಯುವಂತಿರಲಿಲ್ಲ.

ಬೌದ್ಧ ವಿಹಾರಗಳು ಕೂಡ ಈ ವ್ಯವಸ್ಥೆಯ ಹೊರಗಿರಲಿಲ್ಲ. ಬಕ್ಸಾದ ಶಿಬಿರದಲ್ಲಿ ಹತ್ತು ವರ್ಷ ಕಳೆದ ಭಿಕ್ಷುಗಳು 1969-70ರ ಸುಮಾರಿಗೆ ದಕ್ಷಿಣಕ್ಕೆ ಬಂದಾಗ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಿಗೆ ಮುಂಡಗೋಡಿನಲ್ಲಿ, ಸೆರಾ ವಿಹಾರಕ್ಕೆ ಬೈಲಕುಪ್ಪೆಯಲ್ಲಿ ನೆಲೆ ದೊರೆಯಿತು. ತರ್ಕಶಾಸ್ತ್ರದಲ್ಲಿ ಪಾರಂಗತರಾದ ವಿದ್ವಾಂಸರು ಹಗಲು ಹೊಲದಲ್ಲಿ ದುಡಿದು ರಾತ್ರಿ ಪಾಠ ಹೇಳುವ ಕಾಲವದು.

ಶಾಲೆ ಮತ್ತು ಭಾಷೆ

ನಿರಾಶ್ರಿತ ಮಕ್ಕಳ ಶಿಕ್ಷಣಕ್ಕಾಗಿ ಕೇಂದ್ರ ಶಿಕ್ಷಣ ಸಚಿವಾಲಯದ ಆಶ್ರಯದಲ್ಲಿ 1961ರಲ್ಲಿ ಪ್ರತ್ಯೇಕ ಸಂಸ್ಥೆಯೊಂದನ್ನು ರಚಿಸಲಾಯಿತು. ಮುಂದೆ ಇದು ಕೇಂದ್ರೀಯ ಟಿಬೆಟನ್ ಶಾಲಾ ಆಡಳಿತ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಖರ್ಚನ್ನು ಭಾರತ ಸರ್ಕಾರವು ವಹಿಸಿತು. ಭಾಷೆ, ಧರ್ಮ, ಸಂಸ್ಕೃತಿಗಳ ವಿಷಯದಲ್ಲಿ ಟಿಬೆಟನ್ ಪ್ರತಿನಿಧಿಗಳ ಅಭಿಪ್ರಾಯಕ್ಕೆ ಮನ್ನಣೆ ದೊರೆಯಿತು. ಉಳಿದ ವಿಷಯಗಳಲ್ಲಿ ಕೇಂದ್ರೀಯ ಪರೀಕ್ಷಾ ಮಂಡಲಿಯ ಪಠ್ಯಕ್ರಮವನ್ನು ಅನುಸರಿಸಲಾಯಿತು. ಹೀಗಾಗಿ ಬೈಲಕುಪ್ಪೆಯ ಶಾಲೆಯಲ್ಲಿ ಕಲಿತ ವಿದ್ಯಾರ್ಥಿಯು ಬೆಂಗಳೂರು, ಮೈಸೂರುಗಳ ಕಾಲೇಜುಗಳಿಗೆ ನೇರವಾಗಿ ಸೇರಬಹುದಾಯಿತು. 2013ರಿಂದ ಈ ಶಾಲೆಗಳನ್ನು ಹಂತಹಂತವಾಗಿ ಟಿಬೆಟನ್ನರದೇ ಆದ ಸಂಭೋಟ ಶಾಲಾ ಸಂಸ್ಥೆಗೆ ಹಸ್ತಾಂತರಿಸಲಾಯಿತು.

ಈ ವ್ಯವಸ್ಥೆಯ ಗುಣವನ್ನು ಮೆಚ್ಚುತ್ತಲೇ ಒಂದು ಕೊರತೆಯನ್ನೂ ಹೇಳಬೇಕಾಗಿದೆ. ಟಿಬೆಟನ್, ಇಂಗ್ಲಿಷ್, ಹಿಂದಿ ಮೂರೂ ಇದ್ದ ಈ ಶಾಲಾ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ದೊರೆಯಲಿಲ್ಲ. ವಸತಿಯ ಹಿರಿಯರು ಕನ್ನಡವನ್ನು ಕಲಿತದ್ದು ಶಾಲೆಯಲ್ಲಲ್ಲ, ಸಂತೆಯಲ್ಲಿ ಮತ್ತು ಹೊಲದಲ್ಲಿ. ಕಳೆ ಕೀಳಲು ಬರುವ ಹೆಂಗಸರೊಡನೆ, ಅಂಗಡಿಯವರೊಡನೆ, ಬಸ್ಸಿನ ಕಂಡಕ್ಟರನೊಡನೆ ಆಡಿ ಆಡಿ ಬಂದ ಕನ್ನಡ ಅದು. ಅದರಲ್ಲಿ ವ್ಯಾಕರಣ ಎಡವುತ್ತದೆ, ವ್ಯವಹಾರ ಎಡವುವುದಿಲ್ಲ. ಆದರೆ ಓದು ಬರಹವಿಲ್ಲದ ಕನ್ನಡದಿಂದ ತಾಲ್ಲೂಕು ಕಚೇರಿಯ ಅರ್ಜಿಯನ್ನು ತುಂಬಲಾಗದು, ಪಹಣಿಯನ್ನು ಓದಲಾಗದು. ಇಷ್ಟೊಂದು ಸಂಸ್ಥೆಗಳು ಸೇರಿದರೂ ಯಾರ ಹೊಣೆಗೂ ಬಾರದೆ ಉಳಿದ ಕೆಲಸವಿದು. ಸಹಕಾರದಲ್ಲಿ ಹೊಣೆಯ ಹಂಚಿಕೆ ಎಷ್ಟು ಮುಖ್ಯವೋ, ಹಂಚಿಕೆಯಲ್ಲಿ ಬಿಟ್ಟುಹೋದುದೇನು ಎಂದು ನೋಡುವವರೊಬ್ಬರಿರುವುದೂ ಅಷ್ಟೇ ಮುಖ್ಯ.

ಮೈರಾಡ: ನಿರಾಶ್ರಿತರಿಂದ ನೆರೆಯವರ ಕಡೆಗೆ

1966ರಲ್ಲಿ ಯುರೋಪಿನ ದೇಶಗಳಲ್ಲಿ ನಿರಾಶ್ರಿತರಿಗಾಗಿ ನಿಧಿ ಸಂಗ್ರಹದ ದೊಡ್ಡ ಅಭಿಯಾನವೊಂದು ನಡೆಯಿತು. ಆ ಹಣದ ಒಂದು ಭಾಗ ಭಾರತದ ಟಿಬೆಟನ್ನರಿಗೆ ಮೀಸಲಾಯಿತು. ಹಣವಿತ್ತು, ಭೂಮಿಯಿತ್ತು, ಜನರಿದ್ದರು. ಆದರೆ ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವ ಸಂಸ್ಥೆಯೊಂದರ ಅಗತ್ಯ ಕಂಡುಬಂದಿತು. 1968ರಲ್ಲಿ ಹುಟ್ಟಿದ ‘ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ’ ಈ ಅಗತ್ಯವನ್ನು ತುಂಬಿತು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ಇದು ‘ಮೈರಾಡ’ ಎಂದೇ ಜನಜನಿತವಾಗಿದೆ. ರಾಜ್ಯದ ಹೊಸ ಟಿಬೆಟನ್ ವಸತಿಗಳಲ್ಲಿ ಸರ್ಕಾರದ ಜೊತೆ ನಿಂತು ಪುನರ್ವಸತಿಯ ಕೆಲಸವನ್ನು ನೆರವೇರಿಸಿದ ಈ ಸಂಸ್ಥೆಯ ನಂತರದ ಇತಿಹಾಸ ಎಲ್ಲರೂ ತಿಳಿಯಬೇಕಾದುದು.

ವಸತಿಯೊಳಗೆ ಟ್ರಾಕ್ಟರು, ಆಸ್ಪತ್ರೆ, ಶಾಲೆ ಬಂದಂತೆ, ಬೇಲಿಯ ಆಚೆಯ ಹಳ್ಳಿಗಳಲ್ಲಿ ಪ್ರಶ್ನೆ ಏಳುವುದು ಸಹಜ. ದೂರದಿಂದ ಬಂದವರಿಗೆ ಇಷ್ಟೆಲ್ಲ ಇರುವಾಗ ತಲೆಮಾರುಗಳಿಂದ ಇಲ್ಲಿಯೇ ಇರುವ ನಮಗೇನು ಎಂದು ಕೇಳುವ ಭೂಹೀನ ಕೂಲಿಕಾರನನ್ನು ಅಸೂಯಾಪರನೆಂದು ತಳ್ಳಿಹಾಕಲಾಗದು. ಅವನ ಪ್ರಶ್ನೆ ನ್ಯಾಯವಾದುದೇ. 1970ರ ದಶಕದ ಕೊನೆಯ ವೇಳೆಗೆ ಟಿಬೆಟನ್ನರ ಪುನರ್ವಸತಿ ಕಾರ್ಯ ಮುಗಿಯುತ್ತ ಬಂದಾಗ ಮೈರಾಡ ತನ್ನ ಬಾಗಿಲನ್ನು ಮುಚ್ಚಲಿಲ್ಲ. ಅದೇ ಅನುಭವವನ್ನು ಹೊತ್ತು ಸ್ಥಳೀಯ ಬಡವರ ಕಡೆಗೆ ತಿರುಗಿತು.

ಆ ತಿರುವಿನ ಫಲ ಇಡೀ ದೇಶಕ್ಕೆ ದೊರೆತಿದೆ. 1980ರ ದಶಕದಲ್ಲಿ ಮೈರಾಡ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳ ಹತ್ತಿಪ್ಪತ್ತು ಜನರ ಸಣ್ಣ ಗುಂಪುಗಳು ಹುಟ್ಟಿಕೊಂಡವು. ಗುಂಪಿನ ಸದಸ್ಯರೇ ಉಳಿತಾಯ ಮಾಡಿ, ತಮ್ಮಲ್ಲಿಯೇ ಸಾಲ ಕೊಟ್ಟುಕೊಂಡು, ತಾವೇ ವಸೂಲು ಮಾಡುತ್ತಿದ್ದರು. ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು, ಅಂದರೆ ನಬಾರ್ಡ್, 1987ರಲ್ಲಿ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು 500 ಗುಂಪುಗಳೊಂದಿಗೆ ಪ್ರಾಯೋಗಿಕವಾಗಿ ಆರಂಭಿಸಿತು. ಇಂದು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ವಾರಕ್ಕೊಮ್ಮೆ ಸಭೆ ಸೇರಿ ಪುಸ್ತಕದಲ್ಲಿ ಲೆಕ್ಕ ಬರೆಯುವ ಮಹಿಳಾ ಸಂಘಗಳ ಹಿಂದೆ ಈ ಇತಿಹಾಸವೂ ಇದೆ. ನಿರಾಶ್ರಿತರಿಗೆ ಮಾಡಿದ ಖರ್ಚು ಅತಿಥೇಯ ಸಮಾಜಕ್ಕೆ ನಷ್ಟವೆಂಬ ಭಾವನೆ ಉಳ್ಳವರು ಇದನ್ನು ಪರಿಶೀಲಿಸಬೇಕು.

ಬೇಲಿಯ ಎರಡೂ ಬದಿ

ಸಂಸ್ಥೆಗಳು ಯೋಜಿಸದೆಯೇ ಬೆಳೆದ ಸಂಬಂಧಗಳೂ ಇವೆ. ಬಿತ್ತನೆ, ಕಳೆ, ಕೊಯ್ಲಿನ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಕೂಲಿಕಾರರು ವಸತಿಯ ಹೊಲಗಳಿಗೆ ಬರುತ್ತಾರೆ. ವಿಹಾರಗಳ ಕಟ್ಟಡ ಕೆಲಸ, ಅಡುಗೆಮನೆಗೆ ತರಕಾರಿ, ಹಾಲಿನ ಪೂರೈಕೆ, ಬಾಡಿಗೆ ಆಟೋ ಇವುಗಳಿಂದ ಸ್ಥಳೀಯರಿಗೆ ಉದ್ಯೋಗ ದೊರೆತಿದೆ. ಒಂದು ಕಾಲಕ್ಕೆ ಸಣ್ಣ ಊರಾಗಿದ್ದ ಕುಶಾಲನಗರದ ವ್ಯಾಪಾರ ಬೆಳೆಯುವುದರಲ್ಲಿ ವಸತಿಯ ಖರೀದಿಯ ಪಾತ್ರವೂ ಇದೆ. ವಸತಿಗಳ ಆಸ್ಪತ್ರೆಗಳಿಗೆ ಸುತ್ತಲಿನ ಕನ್ನಡಿಗರೂ ಚಿಕಿತ್ಸೆಗೆ ಹೋಗುತ್ತಾರೆ. ಮುಂಡಗೋಡಿನ ಟಿಬೆಟನ್ನರ ಬದುಕನ್ನು ಕುರಿತು ಟಿ. ಸಿ. ಪಾಲಾಕ್ಷಪ್ಪನವರು ಬರೆದ ಅಧ್ಯಯನ ಗ್ರಂಥವು 1978ರಷ್ಟು ಹಿಂದೆಯೇ ಪ್ರಕಟವಾಗಿದೆ.

ಚಳಿಗಾಲದ ಸ್ವೆಟರ್ ವ್ಯಾಪಾರವು ಇದಕ್ಕಿಂತಲೂ ಸ್ವಾರಸ್ಯಕರ. ಜೋಳದ ಫಸಲು ಕೈಗೆ ಬಂದ ಮೇಲೆ ವಸತಿಯ ಅನೇಕ ಕುಟುಂಬಗಳು ದೂರದ ನಗರಗಳಿಗೆ ಹೋಗಿ, ರಸ್ತೆ ಬದಿಯಲ್ಲಿ ಅಥವಾ ಬಾಡಿಗೆ ಮೈದಾನದಲ್ಲಿ ಉಣ್ಣೆಯ ಉಡುಪುಗಳ ಅಂಗಡಿ ಹಾಕುತ್ತವೆ. ಸರಕು ಬರುವುದು ಬಹುಮಟ್ಟಿಗೆ ಪಂಜಾಬಿನ ಲೂಧಿಯಾನದಿಂದ. ಅಲ್ಲಿನ ಸಗಟು ವ್ಯಾಪಾರಿಗಳು ಟಿಬೆಟನ್ ವ್ಯಾಪಾರಿಗಳಿಗೆ ಸರಕನ್ನು ಉದ್ದರಿಯಲ್ಲಿ ಕೊಟ್ಟು, ಮಾರಾಟದ ಕಾಲ ಮುಗಿದ ಮೇಲೆ ಹಣ ಪಡೆಯುವ ರೂಢಿ ದಶಕಗಳಿಂದ ನಡೆದುಬಂದಿದೆ. ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯದ ಜನಕ್ಕೆ ಪಂಜಾಬಿನ ವರ್ತಕನ ನಂಬಿಕೆಯೇ ಬಂಡವಾಳವಾಯಿತು. ತಲೆಗೆ ಒಂದು ಎಕರೆಯ ಖುಷ್ಕಿ ಬೇಸಾಯದಿಂದ ಮಾತ್ರ ಬದುಕು ಸಾಗುವಂತಿರಲಿಲ್ಲ. ಜೋಳ ಮತ್ತು ಸ್ವೆಟರ್ ಎರಡೂ ಸೇರಿ ಸಂಸಾರವನ್ನು ನಡೆಸಿದವು.

ಕರ್ನಾಟಕದ ಇತರ ಉದಾಹರಣೆಗಳು

ಹೋಲಿಕೆಗಾಗಿ ನಮ್ಮ ರಾಜ್ಯದ ಇನ್ನೆರಡು ಪುನರ್ವಸತಿಗಳನ್ನು ನೋಡಬಹುದು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಭೂಮಿ ನೀಡಲಾಯಿತು. ನೀರಿದ್ದ ನೆಲ, ಬತ್ತದ ಬೇಸಾಯ ಬಲ್ಲ ಜನ. ಆದ್ದರಿಂದ ಕೃಷಿಯಲ್ಲಿ ಅವರು ಬೇಗ ನೆಲೆಗೊಂಡರು. ಆದರೆ ಆ ಊರುಗಳು ಇಂದಿಗೂ ‘ಆರ್. ಎಚ್. ಕ್ಯಾಂಪ್’ ಎಂಬ ಕಡತದ ಹೆಸರಿನಿಂದ, ಒಂದು, ಎರಡು, ಮೂರು ಎಂಬ ಸಂಖ್ಯೆಗಳಿಂದಲೇ ಗುರುತಾಗುತ್ತಿವೆ. ಭೂಮಿಯನ್ನು ಕೊಟ್ಟ ನಂತರ ಜಾತಿ ಪ್ರಮಾಣಪತ್ರ, ಪೌರತ್ವದ ದಾಖಲೆಗಳಂತಹ ವಿಷಯಗಳು ಬಹುಕಾಲ ಹಾಗೆಯೇ ಉಳಿದವು.

ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ಪ್ರದೇಶದ ರಬ್ಬರ್ ತೋಟಗಳಲ್ಲಿ ನೆಲೆಸಿದವರ ಸ್ಥಿತಿ ಬೇರೆ. 1964ರ ಅಕ್ಟೋಬರ್ 30ರಂದು ಭಾರತ ಮತ್ತು ಸಿಂಹಳಗಳ ನಡುವೆ ಆದ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಹಿಂದಿರುಗಿದ ತಮಿಳು ತೋಟ ಕಾರ್ಮಿಕರು ಇವರು. ಕಾನೂನಿನ ದೃಷ್ಟಿಯಿಂದ ನಿರಾಶ್ರಿತರಲ್ಲ, ಭಾರತದ ಪೌರರು. ಇಂತಹವರಿಗಾಗಿಯೇ 1969ರಲ್ಲಿ ರೆಪ್ಕೋ ಬ್ಯಾಂಕು ಸ್ಥಾಪನೆಯಾಯಿತು. ಸುಳ್ಯದ ತೋಟಗಳಲ್ಲಿ ಅವರಿಗೆ ಕೆಲಸ, ಕೂಲಿ, ವಾಸದ ಮನೆ ಮೂರೂ ದೊರೆತದ್ದು ಒಂದೇ ಮೂಲದಿಂದ, ಅಂದರೆ ಅರಣ್ಯ ಇಲಾಖೆ ಮತ್ತು ಮುಂದೆ ಅದರ ಜಾಗಕ್ಕೆ ಬಂದ ಅರಣ್ಯ ಅಭಿವೃದ್ಧಿ ನಿಗಮದಿಂದ. ಒಂದೇ ಸಂಸ್ಥೆಯು ಉದ್ಯೋಗದಾತನೂ ಮನೆಯ ಯಜಮಾನನೂ ಆದಾಗ, ಕೆಲಸದಿಂದ ನಿವೃತ್ತನಾದವನ ಮನೆಯ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಪೌರತ್ವವಿದ್ದೂ ಸ್ವಂತ ನೆಲವಿಲ್ಲದ ಸ್ಥಿತಿ ಸುಳ್ಯದ್ದಾದರೆ, ನೆಲವಿದ್ದೂ ಪೌರತ್ವವಿಲ್ಲದ ಸ್ಥಿತಿ ಬೈಲಕುಪ್ಪೆಯದು.

ಉಳಿದ ಸಮಸ್ಯೆಗಳು

ಬೈಲಕುಪ್ಪೆಯ ಭೂಮಿ ಟಿಬೆಟನ್ ರೈತನ ಸ್ವಂತದ್ದಲ್ಲ. ಅದನ್ನು ಅವನು ಮಾರಲಾರ. 1960ರ ದಶಕದಲ್ಲಿ ಬಂದವರ ತಲೆಗಳನ್ನು ಎಣಿಸಿ ಹಂಚಿದ ಆ ನೆಲವು, ಕುಟುಂಬಗಳು ಬೆಳೆದರೂ ಬೆಳೆಯಲಿಲ್ಲ. ವಿದ್ಯಾವಂತರಾದ ಮಕ್ಕಳು ಬೆಂಗಳೂರಿಗೆ, ದೆಹಲಿಗೆ, ಅವಕಾಶ ದೊರೆತರೆ ಅಮೆರಿಕ, ಕೆನಡಾ, ಯುರೋಪುಗಳಿಗೆ ಹೋಗುತ್ತಿದ್ದಾರೆ. ಮನೆಯಲ್ಲಿ ಉಳಿದ ವೃದ್ಧರು ಹೊಲವನ್ನು ನೆರೆಹಳ್ಳಿಯ ರೈತರಿಗೆ ವರ್ಷದ ಲೆಕ್ಕದಲ್ಲಿ ಬಿಟ್ಟುಕೊಡುವುದು ರೂಢಿಯಾಗಿದೆ. ಅಲ್ಲಿ ಶುಂಠಿಯಂತಹ ಬೆಳೆಗಳೂ ಬರುತ್ತವೆ. ಶುಂಠಿಯು ಹಣ ತರುವುದೇನೋ ನಿಜ. ಆದರೆ ಅತಿಯಾದ ಗೊಬ್ಬರ, ಔಷಧಿಗಳಿಂದ ಮಣ್ಣು ಸೊರಗುತ್ತದೆ. ಸ್ವಂತದ್ದಲ್ಲದ ನೆಲವನ್ನು ಮತ್ತೊಬ್ಬರು ಒಂದು ವರ್ಷದ ಮಟ್ಟಿಗೆ ಉತ್ತಾಗ ಅದರ ಸತ್ವವನ್ನು ಕಾಪಾಡುವ ಹೊಣೆ ಯಾರದೂ ಆಗುವುದಿಲ್ಲ.

2014ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯು ಈ ಗೊಂದಲವನ್ನು ಸ್ವಲ್ಪಮಟ್ಟಿಗೆ ನಿವಾರಿಸಲು ಯತ್ನಿಸಿತು. ಟಿಬೆಟನ್ನರ ವಶದಲ್ಲಿರುವ ಸರ್ಕಾರಿ ಭೂಮಿಗೆ 20 ವರ್ಷಗಳ ಗುತ್ತಿಗೆ ಪತ್ರವನ್ನು ಮಾಡಿಕೊಡಬೇಕೆಂದೂ, ಕೇಂದ್ರ ಮತ್ತು ರಾಜ್ಯಗಳ ಕಲ್ಯಾಣ ಯೋಜನೆಗಳ ಸೌಲಭ್ಯವನ್ನು ವಿಸ್ತರಿಸಬೇಕೆಂದೂ ಅದು ರಾಜ್ಯ ಸರ್ಕಾರಗಳಿಗೆ ಸೂಚಿಸಿತು. 2015-16ರಿಂದ ಐದು ವರ್ಷಗಳಿಗೆ 40 ಕೋಟಿ ರೂಪಾಯಿಗಳ ಅನುದಾನವನ್ನು ಕೇಂದ್ರ ಟಿಬೆಟನ್ ಪರಿಹಾರ ಸಮಿತಿಗೆ ಮಂಜೂರು ಮಾಡಲಾಯಿತು. ನೀತಿಯು ಕೇಂದ್ರದ್ದು, ಭೂಮಿಯು ರಾಜ್ಯದ್ದು, ಕಡತವು ಜಿಲ್ಲಾಧಿಕಾರಿಯ ಕಚೇರಿಯಲ್ಲಿ, ಅರ್ಜಿಯು ವಸತಿ ಅಧಿಕಾರಿಯ ಕೈಯಲ್ಲಿ. ಈ ನಾಲ್ವರಲ್ಲಿ ಒಬ್ಬರು ತಡಮಾಡಿದರೂ ಪತ್ರವು ಮುಂದೆ ಸಾಗುವುದಿಲ್ಲ.

ಪೌರತ್ವದ ಪ್ರಶ್ನೆ ಇನ್ನೂ ಜಟಿಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಜನಿಸಿದ ಯಾವ ವ್ಯಕ್ತಿಯಾದರೂ ಪೌರತ್ವ ಕಾಯಿದೆಯ ಪ್ರಕಾರ ಜನ್ಮತಃ ಭಾರತದ ಪೌರನೇ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಯೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ತೀರ್ಪು ನೀಡಿದವು. 2014ರಲ್ಲಿ ಚುನಾವಣಾ ಆಯೋಗವು ಇಂತಹವರನ್ನು ಮತದಾರರ ಪಟ್ಟಿಗೆ ಸೇರಿಸಲು ಆದೇಶಿಸಿತು. 2017ರಲ್ಲಿ ಪಾಸ್‌ಪೋರ್ಟ್ ನೀಡಲು ಕೇಂದ್ರವು ಸಮ್ಮತಿಸಿದಾಗ, ಅರ್ಜಿದಾರರು ತಮ್ಮ ನೋಂದಣಿ ಪತ್ರವನ್ನು ಹಿಂದಿರುಗಿಸಿ, ನಿಗದಿತ ವಸತಿಯನ್ನೂ ಅಲ್ಲಿನ ಸೌಲಭ್ಯಗಳನ್ನೂ ಬಿಡಬೇಕೆಂಬ ಷರತ್ತುಗಳು ಮುಂದೆ ಬಂದವು. ಹಾಗಾಗಿ ಬೈಲಕುಪ್ಪೆಯಲ್ಲಿ ಹುಟ್ಟಿ, ಬೈಲಕುಪ್ಪೆಯಲ್ಲಿಯೇ ಬೆಳೆದ ಮಧ್ಯವಯಸ್ಕನೊಬ್ಬನು ದೇಶದ ಪೌರನಾಗಲು ಬಯಸಿದರೆ ತಂದೆ ಕಾಡು ಕಡಿದು ಮಾಡಿದ ಹೊಲವನ್ನು ತೊರೆಯುವ ಬಗ್ಗೆ ಯೋಚಿಸಬೇಕಾಯಿತು. ಅನೇಕರು ನೋಂದಣಿ ಪತ್ರವನ್ನೇ ಉಳಿಸಿಕೊಂಡು, ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಿಕೊಂಡು, ಮುಂಗಾರಿಗೆ ಮೊದಲು ಸಹಕಾರ ಸಂಘದಲ್ಲಿ ಟ್ರಾಕ್ಟರಿನ ಸರದಿಗೆ ಹೆಸರು ಬರೆಸುವುದನ್ನು ಮುಂದುವರಿಸಿದ್ದಾರೆ.